ಗುಂಡು ಹಾರಿಸದ ಅಧಿಕಾರಿಯನ್ನು ಕೊಲೆಗೆ ಕಟ್ಟುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಗಂಧದ ಮರ ಕಳುವಾದರೆ ಸಿಕ್ಕಿಬೀಳುವುದು ಗರಗಸ ಹಿಡಿದವನು. ಜೀಪು ಕೊಟ್ಟವನು, ಡೀಸೆಲ್ ಹಾಕಿಸಿದವನು ಪೇಟೆಯ ಅಂಗಡಿಯ ಗಲ್ಲಾದಲ್ಲಿ ಆರಾಮಾಗಿ ಕೂತಿರುತ್ತಾನೆ. ನಮ್ಮ ಕಾನೂನು ಕ್ಲಾಸಿನಲ್ಲಿ, ಅರೆಸೇನಾ ಗುಂಪುಗಳ ಅಪರಾಧಕ್ಕೆ ಅವುಗಳ ಹಿಂದಿರುವ ಅಧಿಕಾರಿ ಹೇಗೆ ಹೊಣೆಯಾಗುತ್ತಾನೆ ಅನ್ನುವ ಪಾಠ ಓದುವಾಗ ನನಗೆ ಮೊದಲು ನೆನಪಾಗಿದ್ದು ಆ ಜೀಪು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅರೆಸೇನೆ ಅಂದ ಕೂಡಲೇ ನಮಗೆ ಸಿಆರ್‌ಪಿಎಫ್ ನೆನಪಾಗುತ್ತದೆ. ಇಲ್ಲಿ ಅದಲ್ಲ. ಸೈನ್ಯದ ಪಟ್ಟಿಯಲ್ಲಿ ಹೆಸರಿಲ್ಲದ ಬಂದೂಕಿನ ಗುಂಪುಗಳು ಇವು. ಪಟ್ಟಿಯಲ್ಲಿ ಹೆಸರಿಲ್ಲದಿರುವುದೇ ಅವುಗಳ ಉಪಯೋಗ. ನಾಳೆ ಕೇಸಾದರೆ 'ಅವರು ನಮ್ಮವರಲ್ಲ' ಅನ್ನಬಹುದಲ್ವಾ?

ಯೋವಿತ್ಸಾ ಸ್ಟಾನಿಶಿಚ್ ಸೆರ್ಬಿಯಾದ ಗುಪ್ತಚರ ಸಂಸ್ಥೆಯ ಮುಖ್ಯಸ್ಥನಾಗಿದ್ದವನು. ಫ್ರಾಂಕೊ ಸಿಮಾಟೊವಿಚ್ ಅವನ ಕೈಕೆಳಗಿನವನು, ಸಂಸ್ಥೆಯ ವಿಶೇಷ ಪಡೆಯನ್ನು ನಡೆಸುತ್ತಿದ್ದವನು. ಇವರಿಬ್ಬರ ಕೇಸನ್ನು ಚೆನ್ನಾಗಿ ಓದಿದರೆ ಅರ್ಧ ಪಾಠ ಮುಗಿದ ಹಾಗೆ. ಕ್ರೊಯೇಷಿಯಾ ಮತ್ತು ಬೊಸ್ನಿಯಾ ಯುದ್ಧಗಳಲ್ಲಿ ಈ ಪಡೆಯ ಜನರಿಗೆ ತರಬೇತಿ, ಸಾಮಾನು ಸರಂಜಾಮು ಇವರ ಕಡೆಯಿಂದ ಹೋಗುತ್ತಿತ್ತು.

ಬೊಸ್ನಿಯಾದ ಬೊಸಾನ್ಸ್ಕಿ ಶಾಮಾತ್ಸ್ ಊರನ್ನೇ ನೋಡಿ. ಅಲ್ಲಿಯ ಸರ್ಬ್ ಹುಡುಗರನ್ನು ಗಡಿಯಾಚೆಯ ಶಿಬಿರದಲ್ಲಿ ತಯಾರು ಮಾಡಿದರು. 1992ರ ಏಪ್ರಿಲ್‌ನಲ್ಲಿ ಅವರನ್ನು, ಜೊತೆಗೆ ಸೆರ್ಬಿಯಾದಿಂದ ಬಂದವರನ್ನು, ಪಕ್ಕದ ಬಟ್ಕುಶಾ ಹಳ್ಳಿಯಲ್ಲಿ ಹೆಲಿಕಾಪ್ಟರಿನಿಂದ ಇಳಿಸಿದರು. ಕೆಲವೇ ದಿನಗಳಲ್ಲಿ ಊರು ಅವರ ವಶವಾಯಿತು. ಸರ್ಬರಲ್ಲದವರನ್ನು ಪೊಲೀಸ್ ಕಟ್ಟಡದಲ್ಲಿ, ಶಾಲೆಯ ಜಿಮ್ಮಿನಲ್ಲಿ ಕೂಡಿಹಾಕಿ ಹೊಡೆದರು, ಕೊಂದರು. ಜೀಪಿನ ಬದಲು ಹೆಲಿಕಾಪ್ಟರ್, ಅಷ್ಟೇ.

ಈಗ ಹೇಗ್‌ನ ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ ಬಂದ ತೀರ್ಪುಗಳ ಓಟ ನೋಡಿ. 2013ರ ಮೇ: ಇಬ್ಬರೂ ಖುಲಾಸೆ. 2015ರ ಡಿಸೆಂಬರ್: ಮೇಲ್ಮನವಿಯಲ್ಲಿ ಅದು ರದ್ದು, ಮರುವಿಚಾರಣೆಗೆ ಆದೇಶ. 2021ರ ಜೂನ್: ಶಾಮಾತ್ಸ್ ಅಪರಾಧಗಳಿಗೆ ನೆರವಾದರೆಂದು ತಲಾ 12 ವರ್ಷ. 2023ರ ಮೇ 31: ಮೇಲ್ಮನವಿಯಲ್ಲಿ ತಲಾ 15 ವರ್ಷ, ಅದೂ ಹೆಚ್ಚು ಊರುಗಳ ಅಪರಾಧಗಳಿಗೆ. ಅಪರಾಧ ನಡೆದದ್ದರ ಬಗ್ಗೆ 2013ರಲ್ಲೂ ತಕರಾರು ಇರಲಿಲ್ಲ. ಜಗಳವೆಲ್ಲ ಇದ್ದದ್ದು ಆ ಅಪರಾಧಕ್ಕೂ ಅಧಿಕಾರಿಗೂ ನಡುವಿನ ದಾರದ ಬಗ್ಗೆ.

ಮೊದಲ ದಾರ, ನೆರವು. ನಮ್ಮ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ, ಹಳೇ ಐಪಿಸಿಯ ಜಾಗಕ್ಕೆ ಬಂದದ್ದು) 45ರ ದುಷ್ಪ್ರೇರಣೆಗೆ ಹತ್ತಿರದ್ದು. ಯುಗೊಸ್ಲಾವ್ ಸೈನ್ಯದ ಮುಖ್ಯಸ್ಥನಾಗಿದ್ದ ಪೆರಿಶಿಚ್ ಕೇಸಿನಲ್ಲಿ (2013ರ ಫೆಬ್ರವರಿ) ಹೇಗ್‌ನ ಮೇಲ್ಮನವಿ ಪೀಠ ಒಂದು ಹೊಸ ಗಂಟು ಹಾಕಿತು: ಕೊಟ್ಟ ನೆರವು ನಿರ್ದಿಷ್ಟವಾಗಿ ಅಪರಾಧದ ಕಡೆಗೇ ಗುರಿಯಿಟ್ಟಿರಬೇಕು. ಯುದ್ಧಕ್ಕೆಂದು ಕೊಟ್ಟೆ ಅಂದರೆ ತಪ್ಪಿಸಿಕೊಳ್ಳಬಹುದು! ಅದೇ ಮೇ ತಿಂಗಳ ಖುಲಾಸೆಗೂ ಈ ಗಂಟು ಕಾರಣವಾಯಿತು. ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಕೇಸಿನ (ಅದು ಬೇರೆ ನ್ಯಾಯಾಲಯ, ಸಿಯೆರಾ ಲಿಯೋನ್ ವಿಶೇಷ ನ್ಯಾಯಾಲಯ) ಮೇಲ್ಮನವಿ ಪೀಠ ಸೆಪ್ಟೆಂಬರ್ 2013ರಲ್ಲಿ ಇದನ್ನು ಒಪ್ಪಲಿಲ್ಲ, ಅವನ 50 ವರ್ಷ ಹಾಗೇ ಉಳಿಯಿತು. 2014ರಲ್ಲಿ ಹೇಗ್‌ನ ಪೀಠವೇ ಶಾಯಿನೊವಿಚ್ ಕೇಸಿನಲ್ಲಿ ಗಂಟು ಬಿಚ್ಚಿತು. ನನ್ನ ಪ್ರಕಾರ ಅದು ಮೊದಲೇ ಬರಬಾರದಿತ್ತು. ಡೀಸೆಲ್ ಡಬ್ಬದ ಮೇಲೆ 'ಗಂಧ ಕಡಿಯಲು ಮಾತ್ರ' ಅಂತ ಯಾರೂ ಬರೆದುಕೊಡುವುದಿಲ್ಲ.

ಎರಡನೆಯದು ಸಮಾನ ಯೋಜನೆ, ಅಂದರೆ ಹಲವರು ಸೇರಿ ಹಾಕಿದ ಒಂದೇ ಅಪರಾಧದ ಯೋಜನೆಗೆ ಎಲ್ಲರೂ ಹೊಣೆ. ಹೇಗ್‌ನದೇ 1999ರ ಟಾಡಿಚ್ ತೀರ್ಪಿನಿಂದ ಬಂದದ್ದು. ಇದು ನಮಗೆ ಸುಲಭ, ಯಾಕಂದರೆ ಐಪಿಸಿ 34 (ಸಮಾನ ಉದ್ದೇಶ) ಮತ್ತು 149 (ಅಕ್ರಮ ಕೂಟ) ಓದಿದ್ದೇವೆ (ಈಗ ಬಿಎನ್‌ಎಸ್ 3(5), 190). ಟಾಡಿಚ್‌ನ ಮೂರನೇ ಬಗೆಯಲ್ಲಿ, ಯೋಜನೆಯಲ್ಲಿ ಇಲ್ಲದ ಅಪರಾಧವೂ ನಡೆಯಬಹುದು ಅಂತ ಗೊತ್ತಿದ್ದೂ ಮುಂದುವರಿದವನು ಹೊಣೆ. 149ರ ಎರಡನೇ ಭಾಗ ಪಕ್ಕದಲ್ಲಿಟ್ಟು ಓದಿ, ಅಣ್ಣತಮ್ಮಂದಿರ ಹಾಗಿವೆ. 2021ರ ಪೀಠ ಯೋಜನೆ ಇತ್ತು ಅಂದಿತು, ಆದರೆ ಇವರಿಬ್ಬರ ಮನಸ್ಸಿನಲ್ಲೂ ಅದೇ ಉದ್ದೇಶ ಇತ್ತು ಅನ್ನಲು ಹಿಂಜರಿಯಿತು. 2023ರ ಪೀಠ, ಸಾಕ್ಷ್ಯವನ್ನೆಲ್ಲ ಒಟ್ಟಿಗೆ ನೋಡಿದರೆ ಬೇರೆ ತೀರ್ಮಾನಕ್ಕೆ ಜಾಗವೇ ಇಲ್ಲ ಅಂದಿತು. ನಮ್ಮ ಶರದ್ ಸಾರ್ಡಾ ಕೇಸಿನ (1984) ಸಾಂದರ್ಭಿಕ ಸಾಕ್ಷ್ಯದ ಸರಪಳಿ ನೆನಪಾಗಲಿಲ್ವಾ?

ಮೂರನೆಯದು ಮೇಲಧಿಕಾರಿ ಹೊಣೆ. ಕೈಕೆಳಗಿನವರ ಮೇಲೆ ನಿಜವಾದ ಹಿಡಿತ ಇರಬೇಕು. ಅಪರಾಧ ಗೊತ್ತಿರಬೇಕು, ಇಲ್ಲವೇ ಗೊತ್ತಾಗುವಷ್ಟು ಸುಳಿವು ಇರಬೇಕು. ಆದರೂ ತಡೆಯದೆ, ಶಿಕ್ಷಿಸದೆ ಬಿಟ್ಟಿರಬೇಕು. ಹೆಸರಿಲ್ಲದ ಪಡೆಗಳ ಮೇಲೆ ಹಿಡಿತ ಸಾಬೀತು ಮಾಡುವುದು ಕಷ್ಟ. ಸ್ಟಾನಿಶಿಚ್ ಕೇಸಿನ ಆರೋಪಪಟ್ಟಿ ಈ ದಾರವನ್ನು ಹಿಡಿಯಲೇ ಇಲ್ಲ.

ಕಳೆದ ಇಂಟರ್ನಲ್‌ನಲ್ಲಿ ನಾನು 'ಲಿಖಿತ ಆದೇಶ ಇಲ್ಲದಿದ್ದರೆ ಹೊಣೆ ಇಲ್ಲ' ಅಂತ ಬರೆದು ನಾಲ್ಕು ಅಂಕ ಕಳೆದುಕೊಂಡೆ. ಅಂಥ ಕಾಗದ ಯಾರೂ ಇಡುವುದಿಲ್ಲ. ಹೇಗ್‌ನಲ್ಲಿ ತೋರಿಸಿದ ಸಾಕ್ಷ್ಯಗಳಲ್ಲಿ 1997ರ ಒಂದು ವಿಡಿಯೋ ಇದೆ, ಕೂಲಾ ಶಿಬಿರದ್ದು. ಸಿಮಾಟೊವಿಚ್ ಗೋಡೆಯ ಮೇಲಿನ ನಕ್ಷೆ ಮುಂದಿಟ್ಟುಕೊಂಡು ಪಡೆಯ ಹಳೇ ಸಾಹಸಗಳನ್ನು ಹೆಮ್ಮೆಯಿಂದ ವರದಿ ಒಪ್ಪಿಸುತ್ತಾನೆ. ಎದುರಿಗೆ ನಿಂತು ಕೇಳುತ್ತಿರುವವನು ಆ ಯುದ್ಧಗಳ ಕಾಲದ ಸೆರ್ಬಿಯಾ ಅಧ್ಯಕ್ಷ ಸ್ಲೊಬೊಡಾನ್ ಮಿಲೊಶೆವಿಚ್.