ಮರಿಯಂ ಮತ್ತು ಲೈಲಾ: ಸವತಿಯರ ನಡುವೆ ನಂಟು ಬೆಳೆದದ್ದು ಹೇಗೆ?

ಖಾಲೆದ್ ಹೊಸೇನಿಯವರ 'ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್' (2007) ಕಾದಂಬರಿ ಓದುತ್ತಿರುವವರಿಗೆ ಈ ಟಿಪ್ಪಣಿ. ಅಫ್ಘಾನಿಸ್ತಾನದ ರಾಜಕೀಯವನ್ನು ಇಲ್ಲಿ ಬಿಟ್ಟಿದ್ದೇನೆ. ಮರಿಯಂ ಹುಟ್ಟಿದ್ದು 1959ರಲ್ಲಿ, ಲೈಲಾ 1978ರಲ್ಲಿ. ಇಬ್ಬರಿಗೂ ಗಂಡ ಒಬ್ಬನೇ, ಕಾಬೂಲಿನಲ್ಲಿ ಶೂ ಹೊಲಿಯುವ ರಶೀದ್. ಮದುವೆಯಾದಾಗ ಮರಿಯಂಗೆ 15 ವರ್ಷ, ಲೈಲಾಗೆ 14.

ಮೊದಲ ಜಗಳ

ಲೈಲಾ ಮನೆಗೆ ಬಂದ ಮೇಲೆ ಇಬ್ಬರ ನಡುವೆ ಆಗುವ ಜಗಳವನ್ನು ಸವತಿ ಮತ್ಸರ ಅಂತ ಬರೆದುಬಿಡುವುದು ಸುಲಭ. ಆದರೆ ಮರಿಯಂಗೆ ರಶೀದನ ಪ್ರೀತಿ ಬೇಕಾಗಿಲ್ಲ. ಅನ್ನ ಸರಿಯಾಗಿ ಬೆಂದಿಲ್ಲ ಅಂತ ಅವಳ ಬಾಯಿಗೆ ಕಲ್ಲು ತುರುಕಿ ಅಗಿಸಿದವನು ಅವನು. ಸಾಲು ಸಾಲು ಗರ್ಭಪಾತಗಳಾದ ಮೇಲೆ ಅವಳಿಗೆ ಉಳಿದಿದ್ದು ಆ ಮನೆಗೆಲಸ, ಆ ಅಡುಗೆಮನೆ. ಈಗ ಈ ಹುಡುಗಿಗೂ ಆಳಾಗಬೇಕಾ ಅನ್ನುವುದೇ ಅವಳ ಸಿಟ್ಟು.

ತಿರುವು ಎಲ್ಲಿ?

ಇಲ್ಲಿ ನಿಧಾನವಾಗಿ ಓದಿ. ಮರಿಯಂ ತಾನು ಹಿಂದೆ ಹೊಲಿದಿಟ್ಟಿದ್ದ ಮಗುವಿನ ಬಟ್ಟೆಗಳನ್ನು ಲೈಲಾಳ ಮಗಳು ಅಜೀಜಾಗೆ ಕೊಡುತ್ತಾಳೆ. ತಿರುವು ಅಂದರೆ ಇದೇ ಅನ್ನಿಸುತ್ತದೆ, ಅಲ್ವಾ? ಆದರೆ ಇದಕ್ಕೂ ಮೊದಲು ಬೆಲ್ಟಿನ ರಾತ್ರಿ ಇದೆ. ಲೈಲಾ ತನಗೆ ಒಲಿಯದಿರುವುದಕ್ಕೆ ಮರಿಯಂಳೇ ಕಾರಣ ಅಂತ ರಶೀದ್ ಬೆಲ್ಟ್ ಹಿಡಿದು ಅವಳ ಮೇಲೆ ಬರುತ್ತಾನೆ. ಲೈಲಾ ಅಡ್ಡ ಹೋಗಿ, ಅವನನ್ನು ಹಿಡಿದು ಬೇಡಿಕೊಳ್ಳುತ್ತಾಳೆ. ಆಗ ಇಬ್ಬರ ನಡುವೆ ಸ್ನೇಹವೇ ಇರಲಿಲ್ಲ! ಹಾಗಾಗಿ ಲೈಲಾ ಮಾಡಿದ್ದು ಗೆಳತಿಗಾಗಿ ಅಲ್ಲ. ಹೊಡೆತ ನೋಡಿ ಸುಮ್ನೆ ನಿಲ್ಲಲು ಅವಳಿಂದ ಆಗಲಿಲ್ಲ, ಅಷ್ಟೇ.

ಮರಿಯಂಗೆ ಇದು ಯಾಕೆ ಅಷ್ಟು ದೊಡ್ಡದು? ಅವಳ ಅಪ್ಪ ಜಲೀಲ್ ಮಗಳನ್ನು ರಾತ್ರಿಯಿಡೀ ತನ್ನ ಮನೆಯ ಹೊರಗೆ ಬೀದಿಯಲ್ಲಿ ಬಿಟ್ಟವನು. ಅವನ ಮೂವರು ಹೆಂಡತಿಯರು ಅವಳನ್ನು ಸಾಗಹಾಕಲೆಂದೇ ಮದುವೆ ಗೊತ್ತುಮಾಡಿದರು. ಅವಳ ಪರವಾಗಿ ಹೀಗೆ ಅಡ್ಡ ನಿಂತವರು ಯಾರೂ ಇರಲಿಲ್ಲ. ಇದಾದ ಮೇಲೆ ಅಜೀಜಾ ಅವಳಿಗೆ ಅಂಟಿಕೊಳ್ಳುತ್ತಾಳೆ, ಬಟ್ಟೆ ಬರುತ್ತದೆ, ರಾತ್ರಿ ಅಂಗಳದಲ್ಲಿ ಇಬ್ಬರೂ ಕೂತು ಚಹಾ ಕುಡಿಯುತ್ತಾರೆ. ಈ ಕ್ರಮ ಬಿಟ್ಟರೆ ಮರಿಯಂ ಬರೀ ಮಗುವಿನ ಮುಖ ನೋಡಿ ಕರಗಿದವಳಂತೆ ಕಾಣುತ್ತಾಳೆ.

ನಾನು ಪ್ರತಿ ದೃಶ್ಯಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ: ಹೊಡೆತಕ್ಕೆ ಅಡ್ಡ ನಿಂತವರು ಯಾರು? 1994ರಲ್ಲಿ ಪೆಶಾವರಕ್ಕೆ ಓಡಿಹೋಗಲು ನೋಡಿದಾಗ ನಂಬಿದವನೇ ಕೈಕೊಡುತ್ತಾನೆ, ಪೊಲೀಸರು ಅವರನ್ನು ಮತ್ತೆ ರಶೀದನ ಕೈಗೇ ಒಪ್ಪಿಸುತ್ತಾರೆ. ಹೊರಗಿನವರು ಯಾರೂ ಅಡ್ಡ ನಿಲ್ಲುವುದಿಲ್ಲ.

ಸಲಿಕೆಯ ದೃಶ್ಯ

ರಶೀದ್ ಲೈಲಾಳ ಕತ್ತು ಹಿಸುಕುವಾಗ ಮರಿಯಂ ಸಲಿಕೆಯಿಂದ ಹೊಡೆದು ಅವನನ್ನು ಕೊಲ್ಲುತ್ತಾಳೆ. ಬೆಲ್ಟಿನ ರಾತ್ರಿಯನ್ನು ಇದರ ಪಕ್ಕದಲ್ಲೇ ಇಟ್ಟು ಓದಿ.

ಆಮೇಲೆ ಅವಳು ಲೈಲಾ ಮತ್ತು ಮಕ್ಕಳ ಜೊತೆ ಓಡಿಹೋಗದೆ ಉಳಿದದ್ದಕ್ಕೆ 'ತ್ಯಾಗ' ಅಂತ ಒಂದೇ ಪದ ಬರೆದರೆ ಸಾಲದು. ಅವಳದು ಪಕ್ಕಾ ಲೆಕ್ಕಾಚಾರ: ತಾನೂ ಜೊತೆಗೆ ಹೋದರೆ ಎಲ್ಲರನ್ನೂ ಹುಡುಕಿಕೊಂಡು ಬರುತ್ತಾರೆ. ಇನ್ನೊಂದು ಕಾರಣ ಲೈಲಾಳ ಮಗ ಝಲ್ಮಾಯಿ. ಅಪ್ಪ ಅಂದರೆ ಅವನಿಗೆ ಜೀವ. ಆ ಅಪ್ಪನನ್ನು ಕೊಂದ ಮೇಲೆ ಆ ಹುಡುಗನ ಮುಖ ನೋಡಲು ಮರಿಯಂಗೆ ಆಗುವುದಿಲ್ಲ.