ರಾತ್ರಿ ಸ್ಪ್ಲಿಂಟ್ ಕಟ್ಟಿಕೊಂಡರೆ ವಾಲಿದ ಹೆಬ್ಬೆರಳು ನೇರವಾಗುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಬಲಗಾಲಿನ ಹೆಬ್ಬೆರಳ ಬುಡ ಗಂಟಿನಂತೆ ಉಬ್ಬಿದ್ದು, ಬೆರಳು ಪಕ್ಕದ ಬೆರಳಿನತ್ತ ವಾಲಿದೆ. ವೈದ್ಯರು ಇದು ಬನಿಯನ್ ಎಂದಿದ್ದಾರೆ. ಆನ್‌ಲೈನಿನಲ್ಲಿ ಸಿಗುವ ಸ್ಪ್ಲಿಂಟನ್ನು, ಅಂದರೆ ಬೆರಳನ್ನು ನೇರಕ್ಕೆ ಎಳೆದು ಹಿಡಿಯುವ ಪಟ್ಟಿಯನ್ನು, ರಾತ್ರಿ ಕಟ್ಟಿಕೊಂಡು ಮಲಗಿದರೆ, ಶಸ್ತ್ರಚಿಕಿತ್ಸೆಯಿಲ್ಲದೆ ಬೆರಳು ನೇರವಾದೀತೇ?

ಉತ್ತರ: ಶಾಶ್ವತವಾಗಿ ನೇರವಾಗುವುದಿಲ್ಲ. ನೋವು ಸ್ವಲ್ಪ ಕಡಿಮೆಯಾಗಬಹುದು. ಅಷ್ಟನ್ನೇ ನಿರೀಕ್ಷಿಸಿ ಕೊಳ್ಳುವುದಾದರೆ ತಪ್ಪಿಲ್ಲ.

ಕಾರಣವನ್ನು ತಿಳಿಯಲು ಪಾದದೊಳಗೆ ಏನಾಗಿದೆಯೆಂದು ನೋಡಬೇಕು. ಆ ಉಬ್ಬನ್ನು ಹೊಸದಾಗಿ ಬೆಳೆದ ಮೂಳೆಯೆಂದು ಹಲವರು ಭಾವಿಸುತ್ತಾರೆ, ಆದರೆ ಬಹುಮಟ್ಟಿಗೆ ಅದು ತನ್ನ ಸ್ಥಾನದಿಂದ ಸರಿದಿರುವ ಮೂಳೆಯ ತುದಿ. ಹೆಬ್ಬೆರಳಿಗೆ ಸೇರಿಕೊಂಡಿರುವ ಪಾದದ ಉದ್ದ ಮೂಳೆ ಒಳಬದಿಗೆ, ಅಂದರೆ ಇನ್ನೊಂದು ಪಾದದ ಕಡೆಗೆ ಸರಿದಂತೆಲ್ಲ ಹೆಬ್ಬೆರಳು ಎರಡನೆಯ ಬೆರಳಿನತ್ತ ವಾಲುತ್ತದೆ. ಒಮ್ಮೆ ವಾಲಿದ ಮೇಲೆ ಬೆರಳನ್ನು ಎಳೆಯುವ ಸ್ನಾಯುರಜ್ಜುಗಳೂ ಬಿಲ್ಲಿನ ಹೆದೆಯಂತೆ ಬಾಗಿನ ಒಂದೇ ಬದಿಗೆ ಬಂದು, ಪ್ರತಿ ಹೆಜ್ಜೆಯಲ್ಲೂ ಅದನ್ನು ಇನ್ನಷ್ಟು ವಾಲಿಸುತ್ತವೆ. ಸ್ಪ್ಲಿಂಟ್ ರಾತ್ರಿಯಿಡೀ ಬೆರಳನ್ನು ಎಳೆದು ಹಿಡಿದರೂ ಸರಿದಿರುವ ಆ ಉದ್ದ ಮೂಳೆಯನ್ನು ಹಿಂದಕ್ಕೆ ತರಲಾರದು. ಬೆಳಿಗ್ಗೆ ಎದ್ದು ಪಾದದ ಮೇಲೆ ಭಾರ ಬಿದ್ದೊಡನೆ ಹಳೆಯ ಎಳೆತ ಮತ್ತೆ ಆರಂಭವಾಗುತ್ತದೆ. ಜಾಹೀರಾತಿನ ‘ಮೊದಲು–ನಂತರ’ ಚಿತ್ರಗಳನ್ನು ನಂಬಿ ತಿಂಗಳುಗಟ್ಟಲೆ ಕಾಯುವುದು ನನಗೆ ಸರಿಯೆನಿಸುವುದಿಲ್ಲ.

ಫಿನ್ಲೆಂಡಿನಲ್ಲಿ 209 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆ, ಪಾದರಕ್ಷೆಯೊಳಗೆ ಇಡುವ ಆಧಾರದ ಅಟ್ಟೆ, ಮತ್ತು ಚಿಕಿತ್ಸೆಯಿಲ್ಲದೆ ಕಾಯುವುದು, ಈ ಮೂರನ್ನು ಹೋಲಿಸಲಾಗಿತ್ತು. ಅಟ್ಟೆಯಿಂದ ಮೊದಲ ಆರು ತಿಂಗಳು ನೋವು ಇಳಿದಿತ್ತು, ವರ್ಷದ ಹೊತ್ತಿಗೆ ಆ ಲಾಭ ಉಳಿದಿರಲಿಲ್ಲ; ಶಸ್ತ್ರಚಿಕಿತ್ಸೆಯ ಫಲವೇ ಮೇಲಾಗಿತ್ತು. ಅಲ್ಲಿ ಬಳಸಿದ್ದು ಸ್ಪ್ಲಿಂಟ್ ಅಲ್ಲವಾದರೂ, ಹೊರಗಿನ ಆಧಾರದಿಂದ ಎಷ್ಟು ಸಾಧ್ಯವೆಂಬುದಕ್ಕೆ ಇದನ್ನು ಗಮನದಲ್ಲಿಡಬಹುದು.

ಹಾಗಿದ್ದೂ ಬಳಸುವುದಾದರೆ, ಬೆರಳು ಕೈಯಿಂದ ಸರಿಸಿದಾಗ ಇನ್ನೂ ಸುಲಭವಾಗಿ ನೇರಕ್ಕೆ ಬರುವಂತಿರಬೇಕು. ಕೀಲು ಪೂರ್ತಿ ಬಿಗಿದುಕೊಂಡಿದ್ದರೆ ಎಳೆತದಿಂದ ನೋವೇ ಹೆಚ್ಚು. ಗಟ್ಟಿಯಾದ ರಾತ್ರಿ ಸ್ಪ್ಲಿಂಟ್ ತೊಟ್ಟು ನಡೆಯಬಾರದು. ಹಗಲಿಗೆ ಬೆರಳುಗಳ ನಡುವೆ ಇಡುವ ಮೆತ್ತನೆಯ ಸಿಲಿಕೋನ್ ತುಂಡು ಸಾಕು, ಆದರೆ ಚಪ್ಪಲಿ ಅಗಲವಾಗಿರದಿದ್ದರೆ ಅದೇ ಇನ್ನೊಂದು ಒತ್ತಡವಾಗುತ್ತದೆ. ಆರಂಭದಲ್ಲಿ ಅರ್ಧ ಗಂಟೆ ಕಟ್ಟಿ ನೋಡಿ, ಚರ್ಮ ಕೆಂಪಾಗದಿದ್ದರೆ ಮಾತ್ರ ಸಮಯ ಹೆಚ್ಚಿಸಿ. ಎರಡನೆಯ ಬೆರಳಿನ ಕಾಲುಂಗುರ ಪಟ್ಟಿಯಡಿ ಸಿಕ್ಕಿ ಒತ್ತುವಂತಿದ್ದರೆ ಮಲಗುವ ಮುನ್ನ ತೆಗೆದಿಡುವುದು ಒಳ್ಳೆಯದು. ತಾಯಿಯವರಿಗೆ ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿಯುತ್ತಿದ್ದರೆ, ಅಥವಾ ಕಾಲಿನ ರಕ್ತಸಂಚಾರ ಕಡಿಮೆಯಿದ್ದರೆ, ವೈದ್ಯರನ್ನು ಕೇಳದೆ ಸ್ಪ್ಲಿಂಟ್ ಕಟ್ಟಲೇಬೇಡಿ: ಪಟ್ಟಿ ಉಜ್ಜಿ ಆದ ಗಾಯ ಅವರಿಗೆ ತಿಳಿಯದೆಯೇ ಹುಣ್ಣಾಗಬಹುದು.

ಹಣವನ್ನು ಮೊದಲು ಪಾದರಕ್ಷೆಗೆ ಖರ್ಚು ಮಾಡಿ ಎಂದೇ ನನ್ನ ಸಲಹೆ. ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆದು, ಈಗ ತೊಡುವ ಚಪ್ಪಲಿಯನ್ನು ಅದರ ಮೇಲಿಟ್ಟು ನೋಡಿದರೆ ಬೆರಳುಗಳಿಗೆ ಎಷ್ಟು ಜಾಗ ಕೊರೆಯಾಗಿದೆಯೆಂದು ತಿಳಿಯುತ್ತದೆ. ಮುಂಭಾಗ ಅಗಲವಾಗಿರುವ, ಹಿಮ್ಮಡಿ ತಗ್ಗಾಗಿರುವ, ಉಬ್ಬಿನ ಮೇಲೆ ಹೊಲಿಗೆ ಹಾಯದ ಜೋಡನ್ನು ಸಂಜೆ, ಪಾದ ತುಸು ಊದಿಕೊಂಡಿರುವಾಗ, ತೊಟ್ಟು ನೋಡಿ ಕೊಳ್ಳಿ.

ಆ ಕೀಲು ಹಠಾತ್ತನೆ ಕೆಂಪೇರಿ, ಬಿಸಿಯಾಗಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋಯತೊಡಗಿದರೆ ಅದು ಗೌಟ್ (ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಸೇರಿ ಬರುವ ಉರಿಯೂತ) ಅಥವಾ ಸೋಂಕು ಇರಬಹುದು. ಬೇಗನೆ ವೈದ್ಯರಿಗೆ ತೋರಿಸಬೇಕು. ಇನ್ನು ಶಸ್ತ್ರಚಿಕಿತ್ಸೆಯನ್ನು ಬೆರಳಿನ ಅಂದಕ್ಕಾಗಿ ಮಾಡಿಸುವುದು ಸೂಕ್ತವಲ್ಲ. ಸರಿಯಾದ ಪಾದರಕ್ಷೆ ತೊಟ್ಟ ಮೇಲೂ ನೋವಿನಿಂದ ನಡೆಯುವುದು ಕಷ್ಟವಾದರೆ, ಅಥವಾ ಎರಡನೆಯ ಬೆರಳು ಹೆಬ್ಬೆರಳಿನ ಮೇಲೇರುತ್ತಿದ್ದರೆ ಮೂಳೆ ತಜ್ಞರನ್ನು ಕಾಣಿ. ಅವರು ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆಸಿ ಮೂಳೆಗಳ ನಡುವಿನ ಕೋನ ಅಳೆಯುತ್ತಾರೆ; ಮಲಗಿಸಿ ತೆಗೆದ ಚಿತ್ರದಲ್ಲಿ ನಿಜವಾದ ವಾಲು ಪೂರ್ತಿ ಕಾಣದು. ಮೂಳೆಯನ್ನು ಕತ್ತರಿಸಿ ಸರಿಯಾದ ಸ್ಥಾನದಲ್ಲಿ ಕೂರಿಸಿದ ಬಳಿಕ, ಅದು ಕೂಡಿಕೊಳ್ಳುವವರೆಗೆ ಬೆರಳನ್ನು ಹಿಡಿದಿಡಲು ಕೆಲವು ವಾರ ಪಟ್ಟಿಯನ್ನೋ ಸ್ಪ್ಲಿಂಟನ್ನೋ ಕಟ್ಟುವುದುಂಟು. ಆಗ ಅದನ್ನು ಎಷ್ಟು ದಿನ, ಯಾವ ಬಿಗಿಯಲ್ಲಿ ಕಟ್ಟಬೇಕೆಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ತಿಳಿಸುತ್ತಾರೆ.