ಓದಿದವಳು, ದುಡಿಯುವವಳು; ಆದ್ರೂ ಯಾಕೆ ಬಿಟ್ಟು ಬರಲ್ಲ?

ಓದುಗರ ಪ್ರಶ್ನೆ: ಚೀನಾದ ಹೆಣ್ಣುಮಕ್ಕಳು ಓದಿದ್ದಾರೆ, ಕೆಲಸಕ್ಕೆ ಹೋಗುತ್ತಾರೆ, ಕೈಯಲ್ಲಿ ದುಡ್ಡಿದೆ. ಆದ್ರೂ ಹಿಂಸೆ ಕೊಡುವ ಗಂಡನನ್ನೋ ಗೆಳೆಯನನ್ನೋ ಯಾಕೆ ಬಿಟ್ಟು ಬರಲ್ಲ?

ಪದೇ ಪದೇ ಬರುವ ಪ್ರಶ್ನೆ ಇದು. ಹೆಚ್ಚಿನವರು ಕಾಳಜಿಯಿಂದಲೇ ಕೇಳುತ್ತಾರೆ. ಆದರೆ ಬಿಟ್ಟು ಬರೋಕೆ ಧೈರ್ಯ ಬೇಕು, ತಪ್ಪು ನನ್ನದಲ್ಲ ಅನ್ನುವ ನಂಬಿಕೆ ಬೇಕು. ಹಿಂಸೆ ಮೊದಲು ಕಿತ್ತುಕೊಳ್ಳುವುದೇ ಇವೆರಡನ್ನು.

ಪೀಕಿಂಗ್ ವಿಶ್ವವಿದ್ಯಾಲಯದ ಒಬ್ಬ ಹುಡುಗಿಯ ಕಥೆ ನೋಡಿ. ಓದುತ್ತಿದ್ದದ್ದು ಕಾನೂನು. ಅವಳಿಗೆ ಮೊದಲು ಬೇರೊಬ್ಬನ ಜೊತೆ ಸಂಬಂಧ ಇತ್ತು ಅನ್ನುವುದೇ ಗೆಳೆಯನ ತಕರಾರು. ಅದನ್ನೇ ಹಿಡಿದು ತಿಂಗಳುಗಟ್ಟಲೆ ಬೈದ, ಹೀಯಾಳಿಸಿದ. ಕೊನೆಗೆ ತಪ್ಪು ತನ್ನದೇ ಎಂದು ಅವಳೂ ನಂಬಿಬಿಟ್ಟಳು. 2019ರ ಅಕ್ಟೋಬರ್‌ನಲ್ಲಿ ಜೀವ ತೆಗೆದುಕೊಳ್ಳಲು ಹೋದವಳು 2020ರ ಏಪ್ರಿಲ್‌ನಲ್ಲಿ ತೀರಿಕೊಂಡಳು. 2023ರ ಜೂನ್‌ನಲ್ಲಿ ಬೀಜಿಂಗ್‌ನ ಹೈದಿಯನ್ ನ್ಯಾಯಾಲಯ ಅವನಿಗೆ 3 ವರ್ಷ 2 ತಿಂಗಳ ಜೈಲು ವಿಧಿಸಿತು. ಮದುವೆ ಆಗದಿದ್ದರೂ ಒಟ್ಟಿಗೆ ಬಾಳಿದವರು ಮನೆಯವರೇ, ಮಾತಿನ ಹಿಂಸೆಯೂ ಹಿಂಸೆಯೇ ಅನ್ನುವುದು ಆ ತೀರ್ಪಿನ ತಿರುಳು.

ದಿನಾ ಇದನ್ನು ಅನುಭವಿಸುವವಳ ಮನಸ್ಸು ಹೇಗಿರುತ್ತದೆ? ಬಾಗಿಲಲ್ಲಿ ಬೀಗದ ಕೈ ತಿರುಗಿದ ಸದ್ದಿಗೇ ಹೊಟ್ಟೆ ಕಿವುಚುತ್ತದೆ. ಹೆಜ್ಜೆ ಸಪ್ಪಳ ಕೇಳಿಯೇ ಇವತ್ತು ಅವನು ಹೇಗಿದ್ದಾನೆ ಎಂದು ಅಳೆಯುವುದು ಅಭ್ಯಾಸವಾಗುತ್ತದೆ. ನಿದ್ದೆ ಹತ್ತಲ್ಲ. ಸಂಗಾತಿಯಿಂದ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಖಿನ್ನತೆ ಹೆಚ್ಚುಕಮ್ಮಿ ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಚೀನಾದಲ್ಲಿ ಈ ಖಿನ್ನತೆ ಎಷ್ಟೋ ಸಲ ಮೈನೋವಿನ ರೂಪದಲ್ಲಿ ಬರುತ್ತದೆ. 1980ರ ಸುಮಾರಿಗೆ ಹುನಾನ್ ಪ್ರಾಂತ್ಯದಲ್ಲಿ ತಲೆನೋವು, ಸುಸ್ತು, ನಿದ್ದೆಯಿಲ್ಲ ಎಂದು ಬಂದವರಿಗೆ ‘ನರಗಳ ದೌರ್ಬಲ್ಯ’ ಎಂದು ಬರೆದುಕೊಡುತ್ತಿದ್ದರು. ಅಂಥವರನ್ನು ಕೂರಿಸಿ ಮಾತಾಡಿಸಿದಾಗ ಹೆಚ್ಚಿನವರಲ್ಲಿ ಸಿಕ್ಕಿದ್ದು ಖಿನ್ನತೆ. ತಲೆನೋವಿಗೆ ಮಾತ್ರೆ ಕೊಟ್ಟು ಕಳಿಸಿದರೆ ಮನೆಯ ವಿಷಯ ಬಾಯಿಗೆ ಬರುವುದಾದರೂ ಹೇಗೆ?

ಬಾಯಿ ಬಿಡದಂತೆ ಮಾಡುವ ಗಾದೆಗಳಿಗೂ ಅಲ್ಲಿ ಕಮ್ಮಿಯಿಲ್ಲ. ‘ಮನೆಯ ಕೊಳಕನ್ನು ಹೊರಗೆ ಹಾಕಬಾರದು’ ಎನ್ನುತ್ತಾರೆ. ‘ಹಾಸಿಗೆಯ ತಲೆದೆಸೆಯಲ್ಲಿ ಜಗಳ, ಕಾಲ್ದೆಸೆಯಲ್ಲಿ ರಾಜಿ’ ಎನ್ನುತ್ತಾರೆ. ನಮ್ಮ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಇದ್ದ ಹಾಗೇ, ಅಲ್ವಾ? ಏಟು ತಿಂದವಳಿಗೆ ಈ ಮಾತು ಹೇಳುವುದು ಕ್ರೂರ. ನಾಲ್ಕು ಜನ ಅದನ್ನೇ ಹೇಳಿದಾಗ, ಅವಳಿಗೆ ತನ್ನ ನೋವಿನ ಮೇಲೇ ಅನುಮಾನ ಬರುತ್ತದೆ.

ಹಾಗಂತ ಬಿಟ್ಟು ಬಂದ ಮಾತ್ರಕ್ಕೆ ಎಲ್ಲ ಮುಗಿಯುವುದೂ ಇಲ್ಲ. 2021ರಿಂದ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಿದರೂ 30 ದಿನ ಕಾಯಬೇಕು. ಕೋರ್ಟಿಗೆ ಹೋದರೆ ಮೊದಲ ಅರ್ಜಿ ತಳ್ಳಿಹೋಗುವುದೇ ಹೆಚ್ಚು. ಸಿಚುವಾನ್‌ನ ಟಿಬೆಟಿಯನ್ ಹೆಣ್ಣುಮಗಳು ಲ್ಹಾಮೊ ವಿಚ್ಛೇದನ ಪಡೆದಿದ್ದಳು. ಕೆಲವೇ ತಿಂಗಳಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಅವಳು ಇಂಟರ್ನೆಟ್‌ನಲ್ಲಿ ನೇರಪ್ರಸಾರದಲ್ಲಿದ್ದಾಗಲೇ ಮಾಜಿ ಗಂಡ ಬಂದು ಬೆಂಕಿ ಹಚ್ಚಿದ. ಹೊರಟರೆ ಕೊಲ್ಲುತ್ತಾನೆ ಅನ್ನುವ ಭಯ ಬರೀ ಮನಸ್ಸಿನ ಭ್ರಮೆಯಲ್ಲ.

ಇಷ್ಟರ ನಡುವೆಯೂ ಬಾಗಿಲು ಸ್ವಲ್ಪ ಸ್ವಲ್ಪ ತೆರೆಯುತ್ತಿದೆ. 2016ರ ಮಾರ್ಚ್ 1ರಿಂದ ಚೀನಾದಲ್ಲಿ ಜಾರಿಯಲ್ಲಿರುವ, ಮನೆಯೊಳಗಿನ ಹಿಂಸೆ ತಡೆಯುವ ಕಾನೂನು ಮಾನಸಿಕ ಹಿಂಸೆಯನ್ನೂ ಸೇರಿಸಿಕೊಂಡಿದೆ. ಹಿಂಸೆ ಕೊಡುವವನನ್ನು ತಡೆಯಲು ಕೋರ್ಟು ಕೊಡುವ ರಕ್ಷಣಾ ಆದೇಶಕ್ಕೆ ಹಾಕಿದ ಅರ್ಜಿಯನ್ನು 72 ಗಂಟೆಯಲ್ಲಿ, ತುರ್ತಿದ್ದರೆ 24 ಗಂಟೆಯಲ್ಲಿ ತೀರ್ಮಾನಿಸಬೇಕು.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಹೊಡೆದ ಗಂಡ ಮಾರನೇ ದಿನ ‘ಇನ್ನು ಕೈ ಎತ್ತಲ್ಲ’ ಎಂದು ಮುಚ್ಚಳಿಕೆ ಬರೆದುಕೊಡುವುದು ಅಲ್ಲಿ ಮಾಮೂಲಿ. ಹೆಂಡತಿ ಅದನ್ನು ನಂಬುತ್ತಾಳೆ. ಮಡಚಿ ಎತ್ತಿಡುತ್ತಾಳೆ. ಅವಳನ್ನು ಮತ್ತೆ ಅದೇ ಮನೆಯಲ್ಲಿ ಉಳಿಸುವುದು ಎಷ್ಟೋ ಸಲ ಆ ಒಂದು ಹಾಳೆ. 2022ರ ಆಗಸ್ಟ್‌ನಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋದರೆ ಆ ಮುಚ್ಚಳಿಕೆಯನ್ನೇ ಸಾಕ್ಷಿಯಾಗಿ ಕೊಡಬಹುದು. ಅವನ ಮೆಸೇಜುಗಳನ್ನೂ ಕೊಡಬಹುದು.